ಮಾಯಮ್ಮನ ರಿಬ್ಬನ್ ಬಾಸಿಂಗ

ಹಾಸನದ ಕಾಫಿ ಕ್ಯೂರಿಂಗ್ ಕಾರ್ಖಾನೆಯ ಮ್ಯಾನೇಜರ್ ದೊರೆಯ ಬಂಗಲೆಯಲ್ಲಿ ಮಾಯಮ್ಮ ಕಸಮುಸುರೆಗೆ ಸೇರಿದ್ದು ಐವತ್ತೈದನೇ ಇಸವಿಯಲ್ಲಿ. ಅರಕಲಗೂಡು ತಾಲ್ಲೂಕು ಮಲ್ಲಿಪಟ್ಟಣದ ಕೇರಿಯ ಹೆಣ್ಣು. ಗಂಡ ಕೊಡಗಿನ ಕಡೆ ಮರ ಕಡಿಯಲು ಹೋದವನು ಚಳಿಜ್ವರ ಹಿಡಿದು ಅಲ್ಲೇ ತೀರಿಕೊಂಡ. ಅಣ್ಣ ಲಕ್ಕಯ್ಯನ ಮನೆಯಲ್ಲಿ ನಾಲ್ಕು ವರ್ಷ ಇದ್ದಳು. ಅಣ್ಣ ಒಳ್ಳೆಯವನೇ. ಆದರೆ ತುತ್ತು ಎತ್ತುವಾಗಲೆಲ್ಲ ಅತ್ತಿಗೆಯ ಕಣ್ಣು ತನ್ನ ತಟ್ಟೆಯ ಮೇಲಿರುವುದು ಮಾಯಮ್ಮನಿಗೆ ಕಾಣುತ್ತಿತ್ತು. ಒಂದು ಬೆಳಿಗ್ಗೆ ಹತ್ತು ವರ್ಷದ ಮಗಳು ಮಲ್ಲಿಗಮ್ಮನ ಕೈ ಹಿಡಿದುಕೊಂಡು, ಒಂದು ತಗಡಿನ ಟ್ರಂಕು ಹೊತ್ತುಕೊಂಡು ಹೊರಟೇಬಿಟ್ಟಳು. ಬಂಗಲೆಯ ಹಿಂದಿನ ಸಾಲುಮನೆಯಲ್ಲಿ ಒಂದು ಕೋಣೆ ಸಿಕ್ಕಿತು. ಅಲ್ಲಿ ಅವಳ ತಟ್ಟೆ ನೋಡುವವರು ಯಾರೂ ಇರಲಿಲ್ಲ.

ಆ ವರ್ಷದ ಕ್ರಿಸ್‌ಮಸ್ಸಿಗೆ ಸಕಲೇಶಪುರದ ತೋಟಗಳ ದೊರೆಗಳೆಲ್ಲ ಹೆಂಡತಿ ಮಕ್ಕಳೊಂದಿಗೆ ಕಾರಿನಲ್ಲಿ ಬಂದಿಳಿದರು. ಬಂಗಲೆಯ ಹಾಲಿನಲ್ಲಿ ಪೊಟ್ಟಣಗಳ ರಾಶಿ. ಪ್ರತಿ ಪೊಟ್ಟಣಕ್ಕೂ ಬಣ್ಣದ ಕಾಗದ, ಅದರ ಸುತ್ತ ರಿಬ್ಬನ್, ನೆತ್ತಿಯ ಮೇಲೆ ಅದೇ ರಿಬ್ಬನ್ನಿನಲ್ಲಿ ಸುತ್ತಿ ಸುತ್ತಿ ಕಟ್ಟಿದ ಅಂಗೈಯಗಲದ ಹೂವು. ಬಟ್ಲರ್ ಅದಕ್ಕೆ ‘ಬೋ’ ಅಂದ. ಮಾಯಮ್ಮ ತನ್ನಷ್ಟಕ್ಕೆ ಗಂಟುಹೂವ ಅಂತ ಹೆಸರಿಟ್ಟಳು. ಮಕ್ಕಳು ಪೊಟ್ಟಣ ಹರಿದು ಒಳಗಿನ ಗೊಂಬೆಯನ್ನೋ ರೈಲನ್ನೋ ಕಿತ್ತುಕೊಂಡು ಓಡಿದರು. ಗಂಟುಹೂವುಗಳು ಜಮಖಾನದ ಮೇಲೆ ಹಾಗೇ ಬಿದ್ದಿದ್ದವು. ಮಾರನೆಯ ದಿನ ಅವನ್ನು ಗುಡಿಸಿ ಹಿತ್ತಲಿನ ಗುಂಡಿಗೆ ಹಾಕಿ ಬೆಂಕಿ ಇಡಬೇಕೆಂದು ಬಟ್ಲರ್ ಹೇಳಿದ. ಹೊಸಬಳು, ಹೇಳಿದಂತೆ ಮಾಡಿದಳು. ಕೆಂಪು, ಹಸಿರು, ಚಿನ್ನದ ಬಣ್ಣದ ಎಸಳುಗಳು ಮುದುರಿಕೊಂಡು ಕರಗಿ ಬೂದಿಯಾಗುವವರೆಗೂ ನೋಡುತ್ತ ನಿಂತಳು.

ಮರುವರ್ಷ ಅವಳು ಬೆಂಕಿ ಇಡಲಿಲ್ಲ. ಗಂಟುಹೂವುಗಳನ್ನು ಒಂದೊಂದಾಗಿ ಆರಿಸಿ ಸೆರಗಿಗೆ ತುಂಬಿಕೊಂಡು ಹೊರಟಿದ್ದಳು. ಬಟ್ಲರ್ ಅಡ್ಡ ನಿಂತ.

“ಏನದು ಸೆರಗಲ್ಲಿ?”

“ನೀವು ಸುಡು ಅಂದಿದ್ದು.”

“ಸುಡು ಅಂದ್ರೆ ಸುಡಬೇಕು. ಮನೆಗೆ ಹೊತ್ಕೊಂಡು ಹೋಗು ಅಂದಿಲ್ಲ. ನಾಳೆ ಬೆಳ್ಳಿ ಚಮಚ ಕಾಣದಿದ್ರೆ ಯಾರನ್ನ ಕೇಳ್ಲಿ?”

ಮಾಯಮ್ಮನಿಗೆ ಮೈ ಉರಿದುಹೋಯಿತು. ಅವನಿಗೆ ಮರುಮಾತಾಡದೆ ನೆಟ್ಟಗೆ ಮುಂದಿನ ವರಾಂಡಕ್ಕೆ ನಡೆದಳು. ಹಿತ್ತಲ ಕೆಲಸದವರು ಕಾಲಿಡದ ಜಾಗ ಅದು. ದೊರೆಸಾನಿ ಬೆತ್ತದ ಕುರ್ಚಿಯಲ್ಲಿ ಕೂತು ಕಾಗದ ಬರೆಯುತ್ತಿದ್ದಳು. ಮಾಯಮ್ಮ ಅವಳ ಮುಂದೆ ಸೆರಗು ಬಿಚ್ಚಿ ಗಂಟುಹೂವುಗಳನ್ನೆಲ್ಲ ನೆಲದ ಮೇಲೆ ಸುರಿದಳು.

“ಇದ ಸುಡಾಕೆ ನನ್ ಕೈಲಾಗಾಕಿಲ್ಲ ಕಣವ್ವ. ಬೇಕು ಅಂದ್ರೆ ನೀವೇ ಸುಡಿ. ಬ್ಯಾಡ ಅಂದ್ರೆ ನಂಗೆ ಕೊಡಿ. ಕದ್ದು ತಕ್ಕಂಡೋಗಾಕಿಲ್ಲ ನಾನು.”

ದೊರೆಸಾನಿಗೆ ಅರ್ಧಂಬರ್ಧ ಕನ್ನಡ ಬರುತ್ತಿತ್ತು. “ನೀನು ಏನು ಮಾಡೋದು ಇದು?” ಎಂದಳು.

“ಇನ್ನೂ ಗೊತ್ತಿಲ್ಲ. ಮಾಡಿದ್ ಮ್ಯಾಲೆ ತೋರುಸ್ತೀನಿ.”

ದೊರೆಸಾನಿ ನಕ್ಕು, ತಗೊಂಡು ಹೋಗು ಅನ್ನುವಂತೆ ಕೈ ಆಡಿಸಿದಳು. ಅಂದಿನಿಂದ ಪ್ರತಿ ಕ್ರಿಸ್‌ಮಸ್ಸಿನ ಗಂಟುಹೂವೆಲ್ಲ ಮಾಯಮ್ಮನದಾಯಿತು.

ಕೊಂಡುಹೋದದ್ದೇನೋ ಆಯಿತು, ಅವುಗಳ ಗುಣ ತಿಳಿಯಲು ಒಂದು ವರ್ಷ ಹಿಡಿಯಿತು. ಮೊದಲು ಎಲ್ಲವನ್ನೂ ಅಂಟುವಾಳದ ನೀರಿನಲ್ಲಿ ಅದ್ದಿ ಒಗೆದಳು. ಕೆಂಪು ಬಣ್ಣ ಬಿಟ್ಟು ಬಿಳಿ ರಿಬ್ಬನ್ನೆಲ್ಲ ರೋಜಾ ಬಣ್ಣಕ್ಕೆ ತಿರುಗಿತು. ಆಮೇಲೆ ನೀರು ಸೋಕಿಸುವುದನ್ನು ಬಿಟ್ಟಳು. ಕುದಿಯುವ ಮಡಕೆಯ ಆವಿಗೆ ಹಿಡಿದರೆ ರಿಬ್ಬನ್ ಮೆತ್ತಗಾಗುತ್ತಿತ್ತು. ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ ಅದರ ಬುಡದಿಂದ ಒಂದು ಸಲ ಉಜ್ಜಿದರೆ ಸುಕ್ಕೆಲ್ಲ ಹೋಗಿ ಹೊಸದರಂತೆ ಮಿರುಗುತ್ತಿತ್ತು. ಒಂದು ಗಂಟುಹೂವನ್ನು ಎಸಳೆಸಳಾಗಿ ಬಿಚ್ಚಿ, ಎಲ್ಲಿ ಮಡಿಸಿದ್ದಾರೆ, ಎಲ್ಲಿ ತಂತಿ ಕಟ್ಟಿದ್ದಾರೆ ಅಂತ ನೋಡಿಕೊಂಡಳು. ಮತ್ತೆ ಕಟ್ಟಲು ಹೋದರೆ ಎಲೆಕೋಸಿನಂತಾಯಿತು. ಹತ್ತಾರು ಸಲ ಕಟ್ಟಿ ಬಿಚ್ಚಿದ ಮೇಲೆ ಕೈಗೆ ಹತ್ತಿತು.

ಆಮೇಲೆ ಅವಳು ಮಾಡದ್ದೇ ಇಲ್ಲ. ಸಾಲುಮನೆಯ ಬಾಣಂತಿಯರ ಕೂಸುಗಳ ಕುಲಾವಿಗೆ ಅಂಚು ಕಟ್ಟಿದಳು. ಬೀಸಣಿಗೆಗೆ ಸುತ್ತಲೂ ನಿರಿಗೆ ಹಿಡಿದಳು. ಬಣ್ಣ ಕೆಟ್ಟ ರಿಬ್ಬನ್ನುಗಳನ್ನು ಹೆಣೆದು ಕೊಡ ಹೊರುವ ಸಿಂಬೆ ಮಾಡಿಕೊಂಡಳು. ಊರಿಗೆ ಹೋದಾಗ ಕೇರಿಯ ಹೆಣ್ಣುಮಕ್ಕಳಿಗೆಲ್ಲ ಜಡೆಬಿಲ್ಲೆಯಂಥ ಹೂ ಮಾಡಿಕೊಟ್ಟಳು. ಹೂ ಮಾರುವವಳು ಕೇರಿಯ ಕಡೆಗೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಆ ವರ್ಷದ ಯುಗಾದಿಗೆ ಕೇರಿಯ ಅಷ್ಟೂ ಹೆಣ್ಣುಮಕ್ಕಳ ಜಡೆಯಲ್ಲಿ ಬಾಡದ ಹೂವಿತ್ತು. ದೊರೆಸಾನಿಗೆ ಕೊಟ್ಟ ಮಾತು ಮರೆಯದೆ ಒಂದು ಕುಲಾವಿಯನ್ನು ಒಯ್ದು ತೋರಿಸಿದಳು.

ಒಳ್ಳೊಳ್ಳೆಯ ರಿಬ್ಬನ್ನುಗಳನ್ನು ಮಾತ್ರ ಯಾರಿಗೂ ಕೊಡದೆ ಟ್ರಂಕಿನಲ್ಲಿಡುತ್ತಿದ್ದಳು. ಯಾತಕ್ಕೆ ಅಂತ ಅವಳಿಗೂ ಸ್ಪಷ್ಟ ಇರಲಿಲ್ಲ.

ಅರವತ್ತಮೂರರಲ್ಲಿ ಮಲ್ಲಿಗಮ್ಮನಿಗೆ ಗಂಡು ಗೊತ್ತಾಯಿತು. ನುಗ್ಗೇಹಳ್ಳಿ ಹತ್ತಿರದ ಹುಡುಗ, ಹೆಸರು ಚೆನ್ನಯ್ಯ. ಏಳನೇ ಕ್ಲಾಸು ಪಾಸು ಮಾಡಿ ಚನ್ನರಾಯಪಟ್ಟಣದ ತಾಲ್ಲೂಕು ಕಚೇರಿಯಲ್ಲಿ ಜವಾನನಾಗಿದ್ದ. ಮಾತು ಕಡಿಮೆ. ಅವನ ತಾಯಿ ಬೆಟ್ಟಮ್ಮನದು ಅವನ ಪಾಲಿನದೂ ಸೇರಿ ದೊಡ್ಡ ಬಾಯಿ. ಮದುವೆ ಮಲ್ಲಿಪಟ್ಟಣದಲ್ಲೇ, ಲಕ್ಕಯ್ಯನ ಮನೆ ಮುಂದಿನ ಚಪ್ಪರದಲ್ಲಿ ಅಂತ ಮಾತಾಯಿತು.

ಮದುವೆಗೆ ಎರಡು ವಾರ ಇರುವಾಗ ಮಾಯಮ್ಮ ರಜ ಹಾಕಿ ಊರಿಗೆ ಬಂದಳು. ಲಕ್ಕಯ್ಯ ಅಷ್ಟರಲ್ಲಿ ಅರಕಲಗೂಡಿನ ಪಾಲಾಕ್ಷಪ್ಪನ ಅಂಗಡಿಯಿಂದ ಬಾಸಿಂಗದ ಜೋಡಿ ತಂದಿಟ್ಟಿದ್ದ. ಹೆಣ್ಣುಗಂಡಿನ ಹಣೆಗೆ ಕಟ್ಟುವ ಬಾಸಿಂಗ, ಕಾಲುಂಗುರ, ಧಾರೆಯ ಸಾಮಾನು ಎಲ್ಲ ಆ ಸುತ್ತಿಗೆ ಅವನಲ್ಲೇ ಸಿಗುತ್ತಿದ್ದುದು. ಮಾಯಮ್ಮ ಪೊಟ್ಟಣ ಬಿಚ್ಚಿದಳು. ಬೆಂಡು ಹುಳ ತಿಂದು ಪುಡಿ ಉದುರುತ್ತಿತ್ತು. ಬೇಗಡೆಯ ಹೊಳಪು ಎಂದೋ ಹೋಗಿತ್ತು. ಹಿಂದೆ ತಿರುಗಿಸಿ ನೋಡಿದಳು. ಕಟ್ಟುವ ದಾರದ ತುಂಬ ಅರಿಸಿನ, ಕುಂಕುಮದ ಕಲೆ.

“ಅಣ್ಣ, ಇದು ಯಾರೋ ಕಟ್ಟಿ ಬಿಚ್ಚಿರೋದು ಕಣ.”

ಲಕ್ಕಯ್ಯ ನೆಲ ನೋಡಿದ. “ಗೊತ್ತು ಕಣವ್ವ. ನಮ್ ಕೇರಿಗೆ ಅವ್ರು ಯಾವಾಗ್ಲೂ ಅಂತದ್ನೇ ಕೊಡಾದು. ನಂಗೂ ಅಂತದ್ದೇ ಕಟ್ಟಿದ್ರು. ನಿಂಗೂ ಅಷ್ಟೆ.”

ಬೇರೆಯವರ ಮನೆಯ ಮದುವೆ ಮುಗಿಸಿ ಹೊಳೆಗೆ ಬಿಡಬೇಕಾದ ಬಾಸಿಂಗ ತನ್ನ ಹಣೆಯ ಮೇಲೆ ಕೂತಿತ್ತೆಂದು ಮಾಯಮ್ಮನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವಳಿಗೆ ಅಳು ಬರಲಿಲ್ಲ. ಪೊಟ್ಟಣವನ್ನು ಮತ್ತೆ ಕಟ್ಟಿಕೊಂಡು, ಸಂತೆಯ ದಿನ ಅರಕಲಗೂಡಿಗೆ ಹೋದಳು.

ಅಂಗಡಿಯ ಮುಂದೆ ಜನವೋ ಜನ. ಕೇರಿಯವರು ಕೆಳಗೆ, ಚರಂಡಿಯ ಪಕ್ಕ ನಿಲ್ಲಬೇಕು. ಸಾಮಾನನ್ನು ಅಂಗಡಿಯವರು ಮೇಲಿನಿಂದ ಹಾಕುತ್ತಿದ್ದರು. ಮಾಯಮ್ಮ ಚರಂಡಿ ದಾಟಿ, ಅಂಗಡಿಯ ಹಲಗೆಯ ಹತ್ತಿರವೇ ಹೋಗಿ ನಿಂತಳು.

“ಪಾಲಾಕ್ಷಪ್ಪೋರೆ, ಒಸ ಬಾಸಿಂಗ ಕೊಡಿ. ಇದು ಯಾರ್ದೋ ಮದ್ವೇದು.”

ಬುದ್ಧಿ, ಸ್ವಾಮಿ ಅನ್ನದೆ ಹೆಸರು ಹಿಡಿದು ಮಾತಾಡಿದ್ದಕ್ಕೆ ಪಾಲಾಕ್ಷಪ್ಪನ ಹುಬ್ಬು ಮೇಲೇರಿತು. “ಅದೇನು ಹುಳುಕು ಹುಡುಕ್ಕೊಂಡು ಬಂದಿದೀಯ? ನಿಮ್ಮೋರಿಗೆಲ್ಲ ಅದನ್ನೇ ಕೊಡೋದು. ಇಪ್ಪತ್ತು ವರ್ಷದಿಂದ ಒಬ್ಬರೂ ಸೊಲ್ಲೆತ್ತಿಲ್ಲ.”

“ಅವ್ರು ಎತ್ತಿಲ್ಲ. ನಾನು ಎತ್ತಿವ್ನಿ.”

“ಬೇಡ ಅಂದ್ರೆ ಇಟ್ಟು ಹೋಗು. ಈ ಸುತ್ತಲ್ಲಿ ನಿಂಗೆ ಬೇರೆ ಯಾರು ಬಾಸಿಂಗ ಕೊಡ್ತಾರೋ ನೋಡೇಬಿಡ್ತೀನಿ. ಬಾಸಿಂಗ ಇಲ್ಲದೆ ಮಗಳನ್ನ ಹಸೆ ಮೇಲೆ ಕೂರಿಸ್ತೀಯಾ?”

“ಬಾಸಿಂಗ ಇರ್ತದೆ. ನಿಮ್ ಅಂಗ್ಡೀದು ಇರಾಕಿಲ್ಲ, ಅಷ್ಟೆ.”

ಹಾಗಂದು ಪೊಟ್ಟಣವನ್ನು ಅವನ ಕೈಯಳತೆಯಲ್ಲಿ, ಹಲಗೆಯ ಮೇಲೆಯೇ ಇಟ್ಟಳು. ಪಾಲಾಕ್ಷಪ್ಪ ಕೈ ಸುಟ್ಟವನಂತೆ ಹಿಂದೆ ಸರಿದ. ಸಂತೆಯ ಜನ ಮಾತು ನಿಲ್ಲಿಸಿ ನೋಡುತ್ತಿದ್ದರು. ಮಾಯಮ್ಮ ಅವರ ನಡುವೆಯೇ ವಾಪಸು ನಡೆದಳು.

ಹಾಸನಕ್ಕೆ ಹೋಗಿ ಟ್ರಂಕು ತಂದಳು. ಏಳು ವರ್ಷದ ರಿಬ್ಬನ್ ಅದರಲ್ಲಿತ್ತು. ಮನೆಯೊಳಗೆ ಕೂತು ಮಾಡಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಲಕ್ಕಯ್ಯನ ಮನೆಯ ಜಗುಲಿಯ ಮೇಲೆ, ಹಾಡಹಗಲು, ಹೋಗುವವರು ಬರುವವರು ನೋಡಲೆಂದೇ ಹರಡಿಕೊಂಡು ಕೂತಳು. ಬಂಗಲೆಯಿಂದ ತಂದಿದ್ದ ದಪ್ಪ ರಟ್ಟನ್ನು ಬಾಸಿಂಗದ ಆಕಾರಕ್ಕೆ ಕತ್ತರಿಸಿ, ಹಿಂದೆ ಬಿದಿರಿನ ಸೀಳು ಕೊಟ್ಟು ಹೊಲಿದಳು. ಅದರ ಮೇಲೆ ಕೆಂಪು ಗಂಟುಹೂವಿನ ಒಂದು ಸಾಲು, ಅದರ ಮೇಲೆ ಚಿನ್ನದ ಬಣ್ಣದ್ದು, ನೆತ್ತಿಗೆ ಬಿಳಿಯದು. ಎರಡೂ ಕಡೆ ಕಿವಿಯ ಪಕ್ಕ ಇಳಿಬೀಳುವ ಕುಚ್ಚುಗಳಿಗೆ ಹಸಿರು ರಿಬ್ಬನ್ನನ್ನು ಸಣ್ಣಗೆ ಸೀಳಿ, ಚಾಕುವಿನ ಅಲಗಿಗೆ ಒತ್ತಿ ಎಳೆದಳು. ಸೀಳುಗಳು ಗುಂಗುರು ಗುಂಗುರಾಗಿ ಸುತ್ತಿಕೊಂಡವು. ಪ್ರತಿ ಎಸಳಿಗೂ ಸೂಜಿ ಹಾಕಿದಳು. ಅಂಟು ಎಲ್ಲೂ ಬಳಸಲಿಲ್ಲ.

ಮೂರನೆಯ ದಿನ ಲಕ್ಕಯ್ಯ ಹೊಲದಿಂದ ಬಂದವನು ಜಗುಲಿಯ ಕೆಳಗೇ ಕುಕ್ಕರುಗಾಲಲ್ಲಿ ಕೂತ. ಅವನು ಆಳುಗೆಲಸ ಮಾಡುತ್ತಿದ್ದ ಮನೆಯ ಗೌಡರು ಪಾಲಾಕ್ಷಪ್ಪನಿಗೆ ನೆಂಟರು.

“ಗೌಡ್ರು ಕೇಳುದ್ರು ಕಣವ್ವ. ನಿನ್ ತಂಗೀಗೆ ಬಾಯಿ ಜಾಸ್ತಿ ಆಯ್ತಂತಲ್ಲ ಅಂದ್ರು. ನೀನು ಮದ್ವೆ ಮುಗಿಸ್ಕಂಡು ಆಸನಕ್ಕೆ ಒಂಟೋಯ್ತೀಯ. ನಾನು ಇಲ್ಲೇ ಬಾಳ್ಬೇಕಲ್ಲ?”

ಮಾಯಮ್ಮನ ಕೈ ನಿಂತಿತು. ಅಣ್ಣ ಸುಳ್ಳು ಹೇಳುತ್ತಿರಲಿಲ್ಲ. “ಅಣ್ಣ, ನಿಂಗೆ ತೊಂದ್ರೆ ಆಯ್ತದೆ ಅಂದ್ರೆ ನಿನ್ ಮನೆ ಮುಂದೆ ಚಪ್ಪರ ಬ್ಯಾಡ. ಕೇರಿ ಕೊನೇಲಿ ಹುಣಸೇಮರದ ಕೆಳಗೆ ಆಗ್ಲಿ. ಆದ್ರೆ ನನ್ ಮಗಳ ಹಣೆಗೆ ಇನ್ನೊಬ್ರ ಎಂಜಲು ಕಟ್ಟಾಕಿಲ್ಲ.”

“ದೊರೆಗಳ ಮನೆ ಕಸ ಕಟ್ಬೋದಾ?”

“ಅವ್ರು ಬಿಸಾಕಿದ್ದು ಪೊಟ್ಟಣದ ಹಗ್ಗವ. ಬಾಸಿಂಗವ ನಾನು ಮಾಡಿದ್ದು. ಇದ ಯಾರೂ ಇನ್ನೂ ಕಟ್ಟಿಲ್ಲ. ನನ್ ಮಗಳೇ ಮೊದ್ಲು.”

ಲಕ್ಕಯ್ಯ ಎದ್ದು ಚಪ್ಪರದ ಗೂಟ ನೆಡಲು ಹಾರೆ ತೆಗೆದುಕೊಂಡ. ಹುಣಸೇಮರದ ಕಡೆಗೆ ಹೋಗಲಿಲ್ಲ. ತನ್ನ ಮನೆಯ ಮುಂದೆಯೇ ಗುಂಡಿ ತೋಡಿದ.

ಮದುವೆಯ ದಿನ ಇನ್ನೊಂದು ತಕರಾರು ಎದ್ದಿತು. ಅದು ಊರಿನಿಂದ ಬಂದದ್ದಲ್ಲ, ಕೇರಿಯೊಳಗಿನದೇ. ಶಾಸ್ತ್ರ ನಡೆಸಬೇಕಾದ ಕುಲದ ಯಜಮಾನ ಬೈರಯ್ಯ ಬಾಸಿಂಗದ ತಟ್ಟೆ ನೋಡಿದವನೇ ಕೈ ಹಿಂದಕ್ಕೆ ಎಳೆದುಕೊಂಡ.

“ಇದ ನಾನು ಮುಟ್ಟಾಕಿಲ್ಲ. ಬೆಂಡು ಇಲ್ಲ, ಬೇಗಡೆ ಇಲ್ಲ. ಅದೂ ಹೋಗ್ಲಿ ಅಂದ್ರೆ, ಗಂಡ ಸತ್ತೋಳ ಕೈಲಿ ಮಾಡಿದ್ದು. ಒಳ್ಳೇದಾಯ್ತದಾ?”

ಚಪ್ಪರದಲ್ಲಿ ಗುಸುಗುಸು ಶುರುವಾಯಿತು. ಲಕ್ಕಯ್ಯನ ಹೆಂಡತಿ, ನಾನು ಮೊದಲೇ ಹೇಳಿದ್ದೆ ಅನ್ನುವ ಮುಖ ಮಾಡಿದಳು. ಮಾಯಮ್ಮ ತಟ್ಟೆಯನ್ನು ಎತ್ತಿಕೊಂಡು ಬೈರಯ್ಯನ ಎದುರಿಗೆ ಹೋಗಿ ನಿಂತಳು.

“ಮಾವ, ನೀವು ಹಿರೀಕ್ರು. ಒಂದು ಮಾತು ಏಳಿ. ಇವಳಿಗೆ ಕೂಳು ಕಲಸಿ ತಿನ್ನಿಸಿದ್ದು ಇದೇ ಕೈ. ಸಿಡುಬು ಎದ್ದಾಗ ಬೇವಿನ ಸೊಪ್ಪು ಹಾಸಿ ಮಲಗಿಸಿದ್ದು ಇದೇ ಕೈ. ಆಗೆಲ್ಲ ಒಳ್ಳೇದಾಯ್ತು. ಈಗ ಮಾತ್ರ ಕೆಟ್ಟದಾಯ್ತದಾ? ಯಾರೋ ಕಟ್ಟಿ ಬಿಚ್ಚಿದ್ದ ನೀವೇ ನನ್ ಹಣೆಗೆ ಕಟ್ಟಿದ್ರಿ. ಅದರಿಂದ ನಂಗೆ ಏನು ಒಳ್ಳೇದಾಯ್ತು?”

ಬೈರಯ್ಯ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಚಪ್ಪರದಿಂದ ಹೊರಗೆ ಹೋಗಿ, ಇತ್ತ ಬೆನ್ನು ಮಾಡಿ ಕಲ್ಲಿನ ಮೇಲೆ ಕೂತುಬಿಟ್ಟ.

ಎಲ್ಲರ ಕಣ್ಣೂ ಈಗ ಗಂಡಿನ ತಾಯಿಯ ಮೇಲೆ. ಮಾಯಮ್ಮ ತಟ್ಟೆಯನ್ನು ಅವಳ ಕಡೆ ತಿರುಗಿಸಿ ಹಿಡಿದಳು. ಊರಿನವರಿಗೆ, ಬೈರಯ್ಯನಿಗೆ ಉತ್ತರ ಕೊಟ್ಟಾಯಿತು. ಬೆಟ್ಟಮ್ಮ ಬೇಡ ಅಂದರೆ ಏನು ಹೇಳುವುದು? ಬೆಟ್ಟಮ್ಮ ಎದ್ದು ಬಂದಳು. ತಟ್ಟೆಯಿಂದ ಒಂದು ಬಾಸಿಂಗ ತೆಗೆದು, ತಿರುಗಿಸಿ, ಹಿಂಬದಿ ನೋಡಿ, ಒಂದು ಎಸಳನ್ನು ಹಿಡಿದು ಜೋರಾಗಿ ಜಗ್ಗಿದಳು.

“ಬಿಚ್ಚೋಗಾಕಿಲ್ವಾ?”

“ನಾವಿಬ್ರೂ ಎರಡು ಕಡೆಯಿಂದ ಎಳುದ್ರೂ ಬಿಚ್ಚಾಕಿಲ್ಲ.”

ಬೆಟ್ಟಮ್ಮ ಇನ್ನೊಂದು ಸಲ ಜಗ್ಗಿದಳು. ಆಮೇಲೆ ಹಸೆಯ ಕಡೆ ತಿರುಗಿ ಮಗನನ್ನು ನೋಡಿದಳು. ಚೆನ್ನಯ್ಯ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು, ತಾಯಿಯ ಮುಂದೆ ತಲೆ ಬಗ್ಗಿಸಿದ. ಮಲ್ಲಿಗಮ್ಮ ಅವನಿಗಿಂತ ಮೊದಲೇ ತಲೆಯ ಮುಸುಕು ಸರಿಸಿ ಹಣೆ ಮುಂದಿಟ್ಟಿದ್ದಳು. “ಅವ್ವ ಮಾಡಿದ್ದು ಕಟ್ಟುದ್ರೆ ಕೂತ್ಕತೀನಿ. ಇಲ್ದಿದ್ರೆ ಎದ್ದೋಯ್ತೀನಿ” ಅಂತ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಅಂದಳು.

“ಏಳ್ಬ್ಯಾಡ ಕಣಮ್ಮಿ, ಕೂತ್ಕೋ” ಅಂದ ಬೆಟ್ಟಮ್ಮ, ಹೊರಗೆ ಕಲ್ಲಿನ ಮೇಲಿದ್ದವನಿಗೆ ಕೂಗಿ ಹೇಳಿದಳು, “ಯಜಮಾನ್ರೆ, ಬತ್ತೀರೋ ಇಲ್ಲ ನಮ್ಮೂರ ಯಜಮಾನ್ರೇ ಶಾಸ್ತ್ರ ಮುಗಿಸ್ಲೋ? ಅವ್ರೂ ಬಂದವ್ರೆ.”

ತನ್ನ ಕೇರಿಯಲ್ಲಿ ಬೇರೆ ಊರಿನವನು ಶಾಸ್ತ್ರ ನಡೆಸುವುದನ್ನು ಬೈರಯ್ಯ ಸಹಿಸುವುದುಂಟೆ? ಎದ್ದು ಬಂದ. ಧಾರೆ ಮುಗಿಯುವವರೆಗೂ ಮುಖ ಗಂಟು ಹಾಕಿಕೊಂಡೇ ಇದ್ದ. ಉಂಡು ಹೋಗುವಾಗಲೂ ಮಾಯಮ್ಮನನ್ನು ಮಾತಾಡಿಸಲಿಲ್ಲ. ಬಾಸಿಂಗ ಕಟ್ಟಿದ್ದು ಮಾತ್ರ ಬೆಟ್ಟಮ್ಮನೇ, ಇಬ್ಬರಿಗೂ. ಬಿಸಿಲು ಚಪ್ಪರದ ಸಂದಿನಿಂದ ಬಿದ್ದಾಗ ಆ ಎರಡು ಹಣೆಗಳು ಹೊಳೆದದ್ದನ್ನು ಮಾಯಮ್ಮ ಕಂಬಕ್ಕೊರಗಿ ನೋಡಿದಳು. ಅಷ್ಟು ದಿನ ತಡೆದದ್ದು ಆಗ ತಡೆಯಲಾಗಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

ಸುದ್ದಿಗೆ ಕಾಲು ಬಂದವು. ಮರುವರ್ಷ ಲಗ್ನದ ದಿನಗಳು ಶುರುವಾಗುವ ಮೊದಲೇ ಹೊಳೆನರಸೀಪುರದ ಕಡೆಯ ಕೇರಿಯಿಂದ ಇಬ್ಬರು ಹೆಂಗಸರು ಬಂಗಲೆಯ ಹಿತ್ತಲಿಗೆ ಹುಡುಕಿಕೊಂಡು ಬಂದರು. ಆಮೇಲೆ ದುದ್ದದಿಂದ, ಕೊಣನೂರಿನಿಂದ ಬಂದರು. ಬಂದವರಿಗೆ ಮಾಯಮ್ಮ ಒಂದೇ ಕಟ್ಟಳೆ ಹಾಕಿದ್ದಳು. ಬಾಸಿಂಗವನ್ನು ಅವಳ ಕೈಯಿಂದ ಎರಡೂ ಕೈಯಲ್ಲಿ ಇಸಿದುಕೊಳ್ಳಬೇಕು. ಊರಿನವರು ಬಂದು ನೆಲದ ಮೇಲಿಡು ಅಂದರೆ ಇಲ್ಲ. ಕಳಿಸಿಕೊಡು ಅನ್ನುವವರಿಗೂ ಇಲ್ಲ.

ಪಾಲಾಕ್ಷಪ್ಪನೂ ಲಕ್ಕಯ್ಯನ ಮೂಲಕ ಹೇಳಿ ಕಳಿಸಿದ. ಕೇರಿಗಳ ವ್ಯಾಪಾರ ಅವನಿಗೆ ತಪ್ಪಿತ್ತು. ಬಾಸಿಂಗಗಳನ್ನು ಅಂಗಡಿಯ ಹಿಂಬಾಗಿಲಿಗೆ ತಂದಿಟ್ಟು ಹೋಗಲಿ, ಯಾರು ಮಾಡಿದ್ದು ಅಂತ ಹೇಳುವುದು ಬೇಡ, ಮಾರಿಕೊಡುತ್ತೇನೆ ಅಂದಿದ್ದ. ಲಕ್ಕಯ್ಯ ಈ ಸಲ ಹೆದರಿಕೊಂಡೇನೂ ಬಂದಿರಲಿಲ್ಲ. ತಂಗಿ ಏನನ್ನುತ್ತಾಳೋ ಕೇಳುವ ಆಸೆಯಿಂದ ಬಂದಿದ್ದ.

“ಮುಂಬಾಗಿಲಲ್ಲಿ ತಕ್ಕಳ್ಲಿ. ಮಾಯಮ್ಮ ಮಾಡಿದ್ದು ಅಂತ ಏಳಿ ಮಾರ್ಲಿ. ಅಂಗಾದ್ರೆ ಕೊಡ್ತೀನಿ ಅಂತ ಏಳಣ್ಣ.”

ಲಕ್ಕಯ್ಯ ಅದನ್ನು ಒಂದಕ್ಷರ ಬಿಡದೆ ಹೇಳಿ ಬಂದ. ಪಾಲಾಕ್ಷಪ್ಪನಿಂದ ಮತ್ತೆ ಉತ್ತರ ಬರಲಿಲ್ಲ, ಕೊನೆಗೂ ಬರಲಿಲ್ಲ.

ಅರವತ್ತೈದರ ಕೊನೆಗೆ ದೊರೆಗೆ ಕೆಲಸ ಮುಗಿಯಿತು, ಸ್ವದೇಶಕ್ಕೆ ಹೊರಟರು. ಗಂಟುಮೂಟೆ ಕಟ್ಟುವ ದಿನ ದೊರೆಸಾನಿ ಮಾಯಮ್ಮನನ್ನು ಕರೆದು, ನೆನಪಿಗೆ ಒಂದು ಬಾಸಿಂಗ ಬೇಕು, ಗೋಡೆಗೆ ಹಾಕುತ್ತೇನೆ ಅಂದಳು.

“ಗೋಡೆಗೆ ಕೊಡಾಕಿಲ್ಲ ಕಣವ್ವ. ಅಲ್ಲಿ ಓದ್ತಿರೋ ನಿಮ್ ಮಗಳ ಮದ್ವೆ ಗೊತ್ತಾದಾಗ ಒಂದು ಕಾಗದ ಹಾಕಿ, ಮಾಡಿ ಕಳುಸ್ತೀನಿ.”

ದೊರೆಸಾನಿಯ ಮುಖ ಒಂದು ಕ್ಷಣ ಕೆಂಪೇರಿತು. ಆಮೇಲೆ ನಗತೊಡಗಿದಳು. ಮಾಯಮ್ಮ ನಗಲಿಲ್ಲ. ಅವಳು ತಮಾಷೆಗೆ ಹೇಳಿರಲಿಲ್ಲ.

ಹೊಸ ಮ್ಯಾನೇಜರ್ ಮದ್ರಾಸಿನವರು. ಅವರ ಮನೆಯಲ್ಲಿ ಕ್ರಿಸ್‌ಮಸ್ ಇರಲಿಲ್ಲ, ಗಂಟುಹೂವೂ ಇರಲಿಲ್ಲ. ಮಾಯಮ್ಮ ಕೈಕಟ್ಟಿ ಕೂರಲಿಲ್ಲ. ಬಟ್ಟೆ ಅಂಗಡಿಗಳಿಗೆ ಹೋಗಿ ಥಾನಿಗೆ ಸುತ್ತಿ ಬಂದ ಪಟ್ಟಿಗಳನ್ನು ಕೇಳಿದಳು. ಸ್ಕೂಲ್ ಡೇ ಮುಗಿದ ಮಾರನೆಯ ದಿನ ಹೈಸ್ಕೂಲಿನ ಅಂಗಳದಲ್ಲಿ ಬಹುಮಾನದ ರಿಬ್ಬನ್ ಆರಿಸಿದಳು.

ಅರವತ್ತಾರರಲ್ಲಿ ಮಲ್ಲಿಗಮ್ಮನ ಎರಡನೇ ಬಾಣಂತನಕ್ಕೆಂದು ಚನ್ನರಾಯಪಟ್ಟಣಕ್ಕೆ ಹೋಗಿದ್ದಳು. ಅವರ ಬೀದಿಯ ಹತ್ತಿರ ಸರ್ಕಾರದ ಹೊಸ ಕಟ್ಟಡವೊಂದರ ಪ್ರಾರಂಭೋತ್ಸವ. ಬಾಗಿಲಿಗೆ ಅಡ್ಡಲಾಗಿ ಗೇಣಗಲದ ಕೆಂಪು ಸ್ಯಾಟಿನ್ ರಿಬ್ಬನ್ ಕಟ್ಟಿದ್ದರು, ನಡುವೆ ದೊಡ್ಡ ಗಂಟುಹೂವು. ಬೆಂಗಳೂರಿನಿಂದ ಬಂದ ಸಾಹೇಬರು ಕತ್ತರಿಸಿದರು, ಜನ ಚಪ್ಪಾಳೆ ತಟ್ಟುತ್ತ ಒಳಗೆ ನುಗ್ಗಿದರು. ರಿಬ್ಬನ್ನಿನ ಎರಡು ತುಂಡುಗಳು ಹೊಸಿಲ ಮೇಲೆ ಕಾಲ ಕೆಳಗೆ ಬಿದ್ದವು. ಮಾಯಮ್ಮ ಜನರ ನಡುವೆ ತೂರಿ ಹೋಗಿ ಎರಡೂ ತುಂಡುಗಳನ್ನು ಎತ್ತಿಕೊಂಡಳು.

“ಏಯ್, ಏಯ್! ಬಿಡು ಅದನ್ನ. ಸರ್ಕಾರದ್ದು!” ಬಿಳಿ ಪ್ಯಾಂಟಿನ ಗುಮಾಸ್ತನೊಬ್ಬ ಓಡಿ ಬಂದ.

“ಕತ್ರಿಸಿ ಆಯ್ತಲ್ಲ ಸಾ. ಇನ್ನೊಂದ್ ಸಲ ಕತ್ರಿಸ್ತಾರಾ?”

“ಅದೆಲ್ಲ ನಿಂಗ್ಯಾಕೆ? ಕೆಳಗೆ ಹಾಕು ಅಂದ್ರೆ ಹಾಕು.”

“ಹಾಕುದ್ರೆ ತುಳೀತಾರೆ. ನನ್ ಕೈಲಿದ್ರೆ ಇನ್ನೆರಡು ಮದ್ವೆ ಆಯ್ತವೆ.”

ಗುಮಾಸ್ತನಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿ ಕುರ್ಚಿ ಜೋಡಿಸುತ್ತಿದ್ದ ಚೆನ್ನಯ್ಯ ಎಲ್ಲವನ್ನೂ ನೋಡುತ್ತಿದ್ದ. ಜವಾನನ ಡ್ರೆಸ್ಸಿನಲ್ಲಿದ್ದವನು, ಮೇಲಿನವರ ಮುಂದೆ ಎಂದೂ ಸೊಲ್ಲೆತ್ತದವನು, ಅಂದು ಮುಂದೆ ಬಂದು ನಿಂತ. “ನಮ್ಮತ್ತೆ ಸಾ. ತಗೊಂಡೋಗ್ಲಿ ಬುಡಿ” ಅಂದ. ಗುಮಾಸ್ತ ಇಬ್ಬರ ಮುಖವನ್ನೂ ನೋಡಿ, ಒಳಗೆ ಭಾಷಣ ಶುರುವಾದದ್ದು ಕೇಳಿ ಅತ್ತ ಓಡಿದ.

ಮಾಯಮ್ಮ ರಿಬ್ಬನ್ನಿನ ಧೂಳು ಕೊಡವಿ ಮೊಣಕೈಯಿಂದ ಅಂಗೈಗೆ ಸುತ್ತಿಕೊಂಡು ಅಳೆದಳು. ಸಾಕಷ್ಟು ಉದ್ದವಿತ್ತು. ಭಾಷಣ ಕೇಳಲು ಅವಳು ನಿಲ್ಲಲಿಲ್ಲ. ಮುಂದಿನ ಸೋಮವಾರ ಹೊಳೆನರಸೀಪುರದಲ್ಲಿ ಒಂದು ಮದುವೆಯಿತ್ತು.